ಶೋಪಾನ್ ಎಳೆದ ಗೆರೆ: ಒತ್ತೋ, ಇಳಿತವೋ?

[ತೆರೆಯ ಮೇಲೆ: ಬಲಕ್ಕೆ ಮೊನೆಯಾಗುವ ಚಿಕ್ಕ ಚಿಹ್ನೆ; ಅದರ ಕೆಳಗೆ ಅದೇ ಆಕಾರದ ಉದ್ದನೆಯ ಚಿಹ್ನೆ]

ನಮಸ್ಕಾರ. ಪಿಯಾನೊ ಕಲಿಯುತ್ತಿರುವ ವೀಕ್ಷಕರಿಂದ ಬಂದ ಪ್ರಶ್ನೆ ಇದು. ಪೋಲೆಂಡಿನ ಸಂಗೀತ ರಚನಕಾರ ಶೋಪಾನರ ಒಂದೇ ರಚನೆಯ ಎರಡು ಮುದ್ರಣಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಸ್ವರಗಳು ಬಹುಮಟ್ಟಿಗೆ ಹೊಂದುತ್ತವೆ. ಆದರೆ ಒಂದರಲ್ಲಿ ಸ್ವರವನ್ನು ಒತ್ತಿ ನುಡಿಸಲು ಹೇಳುವ ಚಿಹ್ನೆ ಇರುವ ಕಡೆ, ಇನ್ನೊಂದರಲ್ಲಿ ನಾದವನ್ನು ಕ್ರಮೇಣ ತಗ್ಗಿಸಲು ಹೇಳುವ ಚಿಹ್ನೆ ಕಾಣಿಸುತ್ತದೆ. ಯಾವುದನ್ನು ನಂಬಬೇಕು?

ಎರಡರ ಆಕಾರವೂ ಒಂದೇ. ಚಿಕ್ಕದಾಗಿದ್ದರೆ ಒತ್ತಲು ಹೇಳುವ ಆಕ್ಸೆಂಟ್, ಉದ್ದವಾಗಿದ್ದರೆ ತಗ್ಗಿಸಲು ಹೇಳುವ ಡಿಮಿನುಯೆಂಡೊ. ಅಚ್ಚಿನಲ್ಲಿ ಈ ವ್ಯತ್ಯಾಸ ಸ್ಪಷ್ಟವಾಗಿರುತ್ತದೆ. ಶೋಪಾನರ ಹಸ್ತಪ್ರತಿಗಳಲ್ಲಾದರೋ ಇವೆರಡರ ನಡುವಿನ ಎಲ್ಲ ಅಳತೆಯ ಗೆರೆಗಳೂ ಸಿಗುತ್ತವೆ.

ಶೋಪಾನರ ಅನೇಕ ಕೃತಿಗಳು ಫ್ರಾನ್ಸ್, ಜರ್ಮನಿ, ಇಂಗ್ಲೆಂಡ್ ಮೂರರಲ್ಲೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಪ್ರಕಟವಾಗುತ್ತಿದ್ದವು. ಓಪಸ್ 28 ಎಂಬ ಕೃತಿಸಂಖ್ಯೆಯ ಪ್ರಿಲ್ಯೂಡ್‌ಗಳನ್ನೇ, ಅಂದರೆ ಚಿಕ್ಕ ಪಿಯಾನೊ ರಚನೆಗಳನ್ನೇ, ತೆಗೆದುಕೊಳ್ಳೋಣ. 1839ರ ಜನವರಿಯಲ್ಲಿ ಮಯೋರ್ಕಾ ದ್ವೀಪದಿಂದ ಶೋಪಾನ್ ಹಸ್ತಪ್ರತಿಯನ್ನು ಪ್ಯಾರಿಸ್‌ನಲ್ಲಿದ್ದ ಗೆಳೆಯ ಯೂಲಿಯಾನ್ ಫೊಂಟಾನಾ ಅವರಿಗೆ ಕಳಿಸಿದರು. ಫೊಂಟಾನಾ ಅದರ ನಕಲು ತೆಗೆದರು. ಮೂಲ ಹಸ್ತಪ್ರತಿಯಿಂದ ಪ್ಯಾರಿಸ್‌ನ ಪ್ರಕಾಶಕ ಕಾತೆಲಾಂ ಅವರ ಮುದ್ರಣವೂ, ಫೊಂಟಾನಾ ನಕಲಿನಿಂದ ಲೈಪ್‌ಸಿಗ್‌ನ ಬ್ರೈಟ್‌ಕೋಫ್ ಮುದ್ರಣವೂ, ಫ್ರೆಂಚ್ ಮುದ್ರಣವನ್ನು ನೋಡಿಕೊಂಡು ಲಂಡನ್ನಿನ ವೆಸೆಲ್ ಮುದ್ರಣವೂ ಹೊರಬಂದವು. ಹೀಗೆ ಒಂದೇ ಗೆರೆಯನ್ನು ಒಬ್ಬ ನಕಲುಗಾರರೂ ಮೂರು ದೇಶಗಳ ಕೆತ್ತನೆಗಾರರೂ ತಮ್ಮ ತಮ್ಮ ಕಣ್ಣಳತೆಯಲ್ಲಿ ಓದಿದಂತಾಯಿತು.

[ತೆರೆಯ ಮೇಲೆ: ಲೋಹದ ತಗಡು, ಕೊರೆಯುವ ಉಳಿ]

ಆ ಕೆತ್ತನೆಗಾರರನ್ನು ಬೈಯುವ ಮೊದಲು ಅವರ ಕೆಲಸವನ್ನು ನೋಡಬೇಕು. ಮೆದುವಾದ ಲೋಹದ ತಗಡಿನ ಮೇಲೆ ಇಡೀ ಪುಟವನ್ನು ಎಡಬಲ ತಿರುವುಮುರುವಾಗಿ ಮೂಡಿಸಬೇಕು. ಬಲಕ್ಕೆ ಮೊನೆಯಾಗುವ ಚಿಹ್ನೆಯನ್ನು ಎಡಕ್ಕೆ ಮೊನೆಯಾಗಿಸಿ ಕೆತ್ತಬೇಕು, ಮೈಮರೆತರೆ ಇಳಿಯಬೇಕಾದ ನಾದ ಏರುವುದೆಂದು ಅಚ್ಚಾಗುತ್ತದೆ. ಅದರ ಮೇಲೆ ಈ ಗೆರೆಯ ತೊಡಕು. ಹಿಂದೆ ನಮ್ಮ ಅಚ್ಚುಕೂಟಗಳಲ್ಲಿ ಮೊಳೆ ಜೋಡಿಸುವವರ ಮುಂದೆ ಅವಸರದ ಕೈಬರಹ ಬಂದಾಗ, ‘ದ’ದ ಅಡಿಯಲ್ಲಿ ಅರ್ಧ ಇಳಿದು ನಿಂತ ಸೀಳನ್ನು ಏನೆಂದು ಓದಬೇಕಿತ್ತು? ಅವರ ಖಾನೆಗಳಲ್ಲಿ ಇದ್ದದ್ದು ‘ದ’ ಅಥವಾ ‘ಧ’. ಅರ್ಧ ಸೀಳಿದ ಮೊಳೆ ಯಾರ ಬಳಿಯೂ ಇರಲಿಲ್ಲ. ಆದ್ದರಿಂದ ದನವೋ ಧನವೋ ಎಂದು ಸಂದರ್ಭ ನೋಡಿ ತೀರ್ಮಾನಿಸಿದರು. ಸಂಗೀತದ ಕೆತ್ತನೆಗಾರರಿಗೆ ಆ ಸಂದರ್ಭದ ನೆರವೂ ಕಡಿಮೆ, ಏಕೆಂದರೆ ಒತ್ತಿದರೂ ತಗ್ಗಿಸಿದರೂ ಆ ಸಾಲು ಅರ್ಥಗೆಡುವುದಿಲ್ಲ.

ನನಗೆ ಅತ್ಯಂತ ಕುತೂಹಲಕರವಾಗಿ ಕಾಣುವುದು ವಾದ್ಯವೇ ಒದಗಿಸುವ ಸಾಕ್ಷ್ಯ. ಪಿಟೀಲಿನಲ್ಲಿ ಒಂದು ಸ್ವರವನ್ನು ಎತ್ತಿಕೊಂಡ ಮೇಲೂ ಕಮಾನಿನ ಒತ್ತಡದಿಂದ ಅದನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು. ಪಿಯಾನೊದಲ್ಲಿ ಸುತ್ತಿಗೆ ತಂತಿಗೆ ಬಡಿದು ಹಿಂದೆ ಸರಿದ ಕ್ಷಣದಿಂದಲೇ ನಾದ ತಾನಾಗಿ ಕುಗ್ಗತೊಡಗುತ್ತದೆ. ಕೀಯನ್ನು ಎಷ್ಟು ಹೊತ್ತು ಒತ್ತಿ ಹಿಡಿದರೂ ಆ ಇಳಿತದ ವೇಗ ವಾದಕರ ಕೈಯಲ್ಲಿಲ್ಲ. ಹಾಗಿರುವಾಗ, ಒಂಟಿಯಾಗಿ ಹಿಡಿದಿಟ್ಟ ದೀರ್ಘ ಸ್ವರದ ಮೇಲೆ ಶೋಪಾನ್ ಉದ್ದನೆಯ ಗೆರೆ ಎಳೆದಿದ್ದರೆ, ಅದನ್ನು ಬರಿಯ ಇಳಿತವೆಂದು ಓದುವುದು ತಂತಿ ಹೇಗೂ ಮಾಡುವ ಕೆಲಸವನ್ನೇ ವಾದಕರಿಗೆ ಒಪ್ಪಿಸಿದಂತೆ. ಆ ಸ್ವರಕ್ಕೆ ತೂಕ ಕೊಟ್ಟು, ಅದರ ಮೇಲೆ ತುಸು ತಡೆದು ಮುಂದೆ ಸಾಗಬೇಕೆಂಬುದೇ ಅಲ್ಲಿ ಹೆಚ್ಚು ಒಪ್ಪುವ ಓದು. ಅದೇ ಗೆರೆ ಸರಸರನೆ ಓಡುವ ಸ್ವರಗಳ ಮೇಲೆ ಹಾದುಹೋಗಿದ್ದರೆ ವಾದ ತಿರುಗುತ್ತದೆ, ಏಕೆಂದರೆ ಅಲ್ಲಿ ಒಂದೊಂದು ಸ್ವರವನ್ನೂ ಹಿಂದಿನದಕ್ಕಿಂತ ಮೆಲ್ಲಗೆ ನುಡಿಸುವುದು ಸಾಧ್ಯ.

ಪೋಲೆಂಡಿನ ಪಿಯಾನೊ ವಾದಕ ಯಾನ್ ಎಕಿಯೆರ್ ತಾವು ಸಂಪಾದಿಸಿದ ಶೋಪಾನ್ ರಾಷ್ಟ್ರೀಯ ಆವೃತ್ತಿಯಲ್ಲಿ ಇಂಥ ಗೆರೆಗಳಿಗೆ ‘ದೀರ್ಘ ಆಕ್ಸೆಂಟ್’ ಎಂಬ ಮೂರನೆಯ ಚಿಹ್ನೆಯನ್ನೇ ಕೊಟ್ಟರು. ಇದು ಹಳೆಯ ಮುದ್ರಣಗಳಿಗಿಂತ ಪ್ರಾಮಾಣಿಕವಾದ ಪರಿಹಾರವೆಂದು ನನ್ನ ಅಭಿಪ್ರಾಯ. ಆದರೂ ಎರಡು ಖಾನೆಗಳಿದ್ದಲ್ಲಿ ಮೂರಾದವಷ್ಟೆ. ಯಾವ ಗೆರೆ ಯಾವ ಖಾನೆಗೆ ಎನ್ನುವುದನ್ನು ಈಗಲೂ ಸಂಪಾದಕರೇ ನಿರ್ಧರಿಸುತ್ತಾರೆ.

ಸಮಯ ಮೀರುತ್ತಿರುವುದರಿಂದ ಇನ್ನಿಬ್ಬರು ರಚನಕಾರರನ್ನು ಒಟ್ಟಿಗೆ ನೋಡೋಣ. ಶೂಬರ್ಟರ ಹಸ್ತಪ್ರತಿಗಳಲ್ಲೂ ಇದೇ ಗೊಂದಲವಿದೆ. 1828ರ ಸೆಪ್ಟೆಂಬರಿನಲ್ಲಿ ಬಿ-ಫ್ಲಾಟ್ ಸೊನಾಟಾ ಎಂಬ ಪಿಯಾನೊ ರಚನೆಯನ್ನು ಮುಗಿಸಿದ ಅವರು ನವೆಂಬರಿನಲ್ಲಿ ತೀರಿಕೊಂಡರು. ಅದು ಅಚ್ಚಾದದ್ದು ಸುಮಾರು ಹತ್ತು ವರ್ಷಗಳ ನಂತರ, ಆದ್ದರಿಂದ ಕರಡು ತಿದ್ದಲು ಅವರಿರಲಿಲ್ಲ. ಬೇತೋವನ್ನರ ತಕರಾರು ಸ್ವರಗಳನ್ನು ಬಿಡಿಬಿಡಿಯಾಗಿ ನುಡಿಸಲು ಹೇಳುವ ಚುಕ್ಕಿ ಮತ್ತು ಗೀಟುಗಳದ್ದು: ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಬಾರದೆಂದು 1825ರಲ್ಲಿ ನಾಲ್ಕು ವಾದ್ಯಗಳಿಗೆ ಬರೆದ ತಮ್ಮ ಒಂದು ಕ್ವಾರ್ಟೆಟ್‌ನ ನಕಲಿನ ಸಂಬಂಧವಾಗಿ ಪಿಟೀಲು ವಾದಕ ಕಾರ್ಲ್ ಹೋಲ್ಟ್ಸ್ ಅವರಿಗೆ ಪತ್ರವನ್ನೇ ಬರೆದರು.

ಮುದ್ರಣ ಕೊಳ್ಳುವವರು ಕೊನೆಯ ಪುಟಗಳಲ್ಲಿ ಸಂಪಾದಕರ ಟಿಪ್ಪಣಿ ಇದೆಯೇ ಎಂದು ಮೊದಲು ನೋಡಿರಿ. ಟಿಪ್ಪಣಿಯೂ ಇಲ್ಲದೆ ಎಲ್ಲ ಗೆರೆಗಳನ್ನೂ ಒಂದೇ ಅಳತೆಗೆ ಕತ್ತರಿಸಿರುವ ಪುಸ್ತಕಕ್ಕೆ ನಾನಂತೂ ದುಡ್ಡು ಕೊಡುವುದಿಲ್ಲ.