ಸ್ಟಾಕ್ಟನ್: ಡೌನ್‌ಟೌನ್ ಕಟ್ಟಲು ಹೋಗಿ ದಿವಾಳಿ ಅರ್ಜಿ ಹಾಕಿದ ನಗರ

[ದೃಶ್ಯ: ನದಿ ದಂಡೆಯ ಊರು, ಡ್ರೋನ್‌ನಿಂದ ತೆಗೆದದ್ದು. ನಿಧಾನವಾಗಿ ಒಂದು ಎತ್ತರದ ಕಟ್ಟಡದ ಕಡೆ ಬರುತ್ತದೆ]

ನಮಸ್ಕಾರ. ಈ ಕಟ್ಟಡ ನೋಡಿ. ವಿಳಾಸ 400, ಈಸ್ಟ್ ಮೇನ್ ಸ್ಟ್ರೀಟ್. ಊರು ಸ್ಟಾಕ್ಟನ್, ಕ್ಯಾಲಿಫೋರ್ನಿಯಾ. 2007ರಲ್ಲಿ ಇಲ್ಲಿನ ನಗರಾಡಳಿತ ತನ್ನ ಹೊಸ ಸಿಟಿ ಹಾಲ್‌ಗೆ ಅಂತ ಇದನ್ನು ಕೊಂಡಿತು. ಅದಕ್ಕೆ ಎತ್ತಿದ ಬಾಂಡ್ ಸಾಲ, ಅಂದರೆ ಬಡ್ಡಿ ಸಮೇತ ವಾಪಸ್ ಕೊಡುತ್ತೇವೆ ಅನ್ನುವ ಪತ್ರ ಮಾರಿ ಎತ್ತಿದ ಸಾಲ, ಸುಮಾರು 4 ಕೋಟಿ ಡಾಲರ್. ಐದು ವರ್ಷ ಕಳೆಯಿತು. ಕಂತು ನಿಂತಿತು. 2012ರಲ್ಲಿ ಬಾಂಡ್ ಕೊಂಡವರ ಪರವಾಗಿ ವೆಲ್ಸ್ ಫಾರ್ಗೋ ಬ್ಯಾಂಕ್ ಬಂದು ಕಟ್ಟಡವನ್ನು ವಶಕ್ಕೆ ತೆಗೆದುಕೊಂಡಿತು. ಡೌನ್‌ಟೌನ್‌ನ, ಅಂದರೆ ಊರಿನ ನಡುಭಾಗದ, ಮೂರು ಪಾರ್ಕಿಂಗ್ ಕಟ್ಟಡಗಳೂ ಕೈಬಿಟ್ಟು ಹೋದವು.

ಮನೆ ಸಾಲ ಕಟ್ಟದಿದ್ದರೆ ಬ್ಯಾಂಕಿನವರು ಬರುವುದು ಗೊತ್ತು. ಊರಿನ ಆಡಳಿತ ಕಚೇರಿಗೇ ಬರುತ್ತಾರೆ ಅಂದರೆ?

ಅದೇ ವರ್ಷ ಜೂನ್ 28ಕ್ಕೆ ಸ್ಟಾಕ್ಟನ್ ದಿವಾಳಿ ಅರ್ಜಿ ಹಾಕಿತು. ಸುಮಾರು 3 ಲಕ್ಷ ಜನರ ಊರು. ಅಲ್ಲಿವರೆಗೆ ಅಮೆರಿಕದಲ್ಲಿ ಇಷ್ಟು ದೊಡ್ಡ ನಗರ ಯಾವುದೂ ದಿವಾಳಿ ಕೋರ್ಟಿಗೆ ಹೋಗಿರಲಿಲ್ಲ. ಮುಂದಿನ ವರ್ಷ ಡೆಟ್ರಾಯಿಟ್ ಆ ದಾಖಲೆ ಮುರಿಯಿತು, ಆ ಮಾತು ಬೇರೆ.

[ನಕ್ಷೆ: ಸ್ಯಾನ್ ಫ್ರಾನ್ಸಿಸ್ಕೋದಿಂದ ಪೂರ್ವಕ್ಕೆ ಸ್ಟಾಕ್ಟನ್]

ಮೊದಲು ಊರಿನ ಪರಿಚಯ. ಸ್ಯಾನ್ ಫ್ರಾನ್ಸಿಸ್ಕೋದಿಂದ ಕಾರಿನಲ್ಲಿ ಒಂದೂವರೆ ಗಂಟೆ, ಟ್ರಾಫಿಕ್ ಇಲ್ಲದಿದ್ದರೆ. ಸುತ್ತ ಹೊಲ, ತೋಟ. ಸಮುದ್ರ ದೂರ ಇದ್ದರೂ ಸ್ಯಾನ್ ವಾಕಿನ್ ನದಿಯಲ್ಲಿ ಹಡಗು ಬರುವ ಬಂದರು ಇದೆ. ಅಮೆರಿಕದ ಮೊದಲ ಗುರುದ್ವಾರ ಶುರುವಾಗಿದ್ದು ಇದೇ ಊರಿನಲ್ಲಿ, 1912ರಲ್ಲಿ. ದುಡಿಯುವವರ ಊರು. ಶ್ರೀಮಂತರ ಊರಲ್ಲ.

2000ದ ನಂತರ ಇದ್ದಕ್ಕಿದ್ದಂತೆ ಇಲ್ಲಿಗೆ ಹಣ ಬರತೊಡಗಿತು. ಸ್ಯಾನ್ ಫ್ರಾನ್ಸಿಸ್ಕೋ ಕಡೆ ಮನೆ ಕೊಳ್ಳಲಾಗದವರು ಇಲ್ಲಿ ಕೊಂಡು, ದಿನಾ ಅಷ್ಟು ದೂರ ಕೆಲಸಕ್ಕೆ ಓಡಾಡತೊಡಗಿದರು. ಹೊಲಗಳು ಲೇಔಟ್ ಆದವು. 2006ರ ಹೊತ್ತಿಗೆ ಒಂದು ಸಾಧಾರಣ ಮನೆ ಸುಮಾರು 4 ಲಕ್ಷ ಡಾಲರ್. ಮನೆ ಬೆಲೆ ಏರಿದಂತೆ ಆಸ್ತಿ ತೆರಿಗೆ ಏರಿತು. ಹೊಸ ಮನೆ ಕಟ್ಟುವವರು ಕೊಡುವ ಶುಲ್ಕವೂ ಜಾಸ್ತಿ ಆಯಿತು. ಖಜಾನೆ ತುಂಬಿದಾಗ ನಗರಾಡಳಿತಕ್ಕೆ ಬರುವ ಮೊದಲ ಆಸೆ ಯಾವುದು? ಹಾಳು ಬಿದ್ದ ಡೌನ್‌ಟೌನ್‌ಗೆ ಜೀವ ತುಂಬಬೇಕು ಅನ್ನುವುದು.

[ದೃಶ್ಯ: ಅರೀನಾ, ಬೇಸ್‌ಬಾಲ್ ಮೈದಾನ, ದೋಣಿ ಕಟ್ಟೆ. ಪ್ರತಿ ಚಿತ್ರದ ಮೇಲೆ ಇಸವಿ]

2005ರಲ್ಲಿ ನದಿ ದಂಡೆಯಲ್ಲಿ ಬೇಸ್‌ಬಾಲ್ ಮೈದಾನ ತೆರೆಯಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಪಕ್ಕದಲ್ಲೇ ಒಳಾಂಗಣ ಅರೀನಾ. ಆಮೇಲೆ ದೋಣಿ ನಿಲ್ಲಿಸುವ ಮರೀನಾ. ಅರೀನಾ ಒಂದಕ್ಕೇ ಎತ್ತಿದ ಬಾಂಡ್ ಸುಮಾರು 4.7 ಕೋಟಿ ಡಾಲರ್. ಉದ್ಘಾಟನೆಯ ಸಂಭ್ರಮಕ್ಕೆ ಗಾಯಕ ನೀಲ್ ಡೈಮಂಡ್ ಅವರನ್ನು ಕರೆಸಿದರು. ಅವರಿಗೆ ಕೊಟ್ಟ ಸಂಭಾವನೆ 10 ಲಕ್ಷ ಡಾಲರ್! ಈ ಊರಿನ ಕಥೆ ಹೇಳುವವರೆಲ್ಲ ಇದನ್ನು ಹೇಳಿಯೇ ಹೇಳುತ್ತಾರೆ, ನಾನೂ ಹೇಳಿದೆ. ಆದರೆ ಊರು ಮುಳುಗಿದ್ದು ಹಾಡಿಗೆ ಕೊಟ್ಟ ದುಡ್ಡಿನಿಂದ ಅಲ್ಲ.

ಇಲ್ಲಿ ಸ್ವಲ್ಪ ನಿಧಾನ ಮಾಡೋಣ. ಈ ಬಾಂಡ್‌ಗಳನ್ನು ಹೇಗೆ ಎತ್ತಿದರು ಅನ್ನುವುದೇ ಇವತ್ತಿನ ವಿಡಿಯೋದ ಹೂರಣ.

ಕ್ಯಾಲಿಫೋರ್ನಿಯಾ ಸಂವಿಧಾನದಲ್ಲಿ ಒಂದು ನಿಯಮ ಇದೆ. ಒಂದು ವರ್ಷದ ಆದಾಯದಲ್ಲಿ ತೀರದಷ್ಟು ಸಾಲ ಮಾಡಬೇಕಾದರೆ ನಗರ ತನ್ನ ಮತದಾರರನ್ನು ಕೇಳಬೇಕು. ಮೂರರಲ್ಲಿ ಎರಡು ಪಾಲು ಮತ ಬೇಕು. ಬಿಗಿಯಾದ ನಿಯಮ, ಅಲ್ವಾ? ಹಾಗಾದರೆ ಸ್ಟಾಕ್ಟನ್ ಇಷ್ಟೆಲ್ಲ ಸಾಲ ಹೇಗೆ ಮಾಡಿತು?

[ಗ್ರಾಫಿಕ್ಸ್: ಎರಡು ಪೆಟ್ಟಿಗೆ. ಒಂದರ ಮೇಲೆ 'ನಗರ', ಇನ್ನೊಂದರ ಮೇಲೆ 'ಹಣಕಾಸು ಪ್ರಾಧಿಕಾರ'. ನಡುವೆ 'ಬಾಡಿಗೆ' ಅನ್ನುವ ಬಾಣ]

ಬಾಡಿಗೆ ಅಂತ ಕರೆದರೆ ಆಯಿತು. ನಗರವೇ ಒಂದು ಹಣಕಾಸು ಪ್ರಾಧಿಕಾರ ಮಾಡಿಕೊಳ್ಳುತ್ತದೆ. ಕಾಗದದ ಮೇಲೆ ಕಟ್ಟಡ ಆ ಪ್ರಾಧಿಕಾರದ ಕೈಗೆ ಹೋಗುತ್ತದೆ. ನಗರ ಅದನ್ನು ವರ್ಷ ವರ್ಷ ಬಾಡಿಗೆಗೆ ಪಡೆಯುತ್ತದೆ. ಆ ಬಾಡಿಗೆಯನ್ನು ತೋರಿಸಿ ಪ್ರಾಧಿಕಾರ ಬಾಂಡ್ ಮಾರುತ್ತದೆ. ಅಂದರೆ ತನ್ನದೇ ಕಟ್ಟಡಕ್ಕೆ ತಾನೇ ಬಾಡಿಗೆ ಕಟ್ಟುವುದು. ಕೋರ್ಟುಗಳು ಇದನ್ನು ಒಪ್ಪಿವೆ. ಬಾಡಿಗೆ ಆ ವರ್ಷದ ಖರ್ಚು, ಸಾಲವಲ್ಲ. ಹಾಗಾಗಿ ಮತ ಕೇಳಬೇಕಾಗಿಲ್ಲ. ಸ್ಟಾಕ್ಟನ್ ಒಂದೇ ಅಲ್ಲ, ಆ ರಾಜ್ಯದ ಎಷ್ಟೋ ನಗರಗಳು ಇದನ್ನು ಮಾಡುತ್ತವೆ. ಪೂರ್ತಿ ಕಾನೂನುಬದ್ಧ. ನನಗೆ ಕಸಿವಿಸಿ ಆಗುವುದೂ ಅಲ್ಲೇ.

ಅರೀನಾ ಸಾಲಕ್ಕೆ ಇನ್ನೊಂದು ದಾರಿಯೂ ಸೇರಿತ್ತು. ನಗರ ಒಂದು ಪ್ರದೇಶಕ್ಕೆ ಗೆರೆ ಎಳೆದು 'ಇದು ಪುನರಭಿವೃದ್ಧಿ ವಲಯ' ಅನ್ನುತ್ತದೆ. ಇವತ್ತು ಅಲ್ಲಿಂದ 100 ಡಾಲರ್ ಆಸ್ತಿ ತೆರಿಗೆ ಬರುತ್ತಿದೆ ಅಂತಿಟ್ಟುಕೊಳ್ಳಿ. ಮುಂದೆ ಬೆಲೆ ಏರಿ ಅದು 150 ಆಗುತ್ತದೆ. ಹೆಚ್ಚಾದ ಆ 50ರ ದೊಡ್ಡ ಪಾಲು ಶಾಲೆಗೆ, ಕೌಂಟಿಗೆ (ನಮ್ಮ ಜಿಲ್ಲೆಯಂಥದ್ದು) ಹೋಗುವ ಬದಲು ಆ ವಲಯ ನೋಡಿಕೊಳ್ಳುವ ಪುನರಭಿವೃದ್ಧಿ ಏಜೆನ್ಸಿಗೆ ಬರುತ್ತದೆ. ಇನ್ನೂ ಬಾರದ ಆ 50ನ್ನು ತೋರಿಸಿ ಇವತ್ತೇ ಸಾಲ. ಬೆಳೆ ನೋಡಿ ಸಾಲ ಮಾಡುವುದಲ್ಲ, ಬಿತ್ತುವ ಮೊದಲೇ ಇಳುವರಿ ಲೆಕ್ಕ ಹಾಕಿ ಸಾಲ ಮಾಡಿದ ಹಾಗೆ.

ಆ 50 ಬರದೇ ಹೋದರೆ? ಆಗ ನಗರದ ಸಾಮಾನ್ಯ ನಿಧಿ ಕಟ್ಟಬೇಕು. ಪೊಲೀಸರ ಸಂಬಳ, ಅಗ್ನಿಶಾಮಕ ದಳ, ಗ್ರಂಥಾಲಯ ಎಲ್ಲ ನಡೆಯುವುದು ಅದೇ ನಿಧಿಯಿಂದ. ಉದ್ಘಾಟನೆ ದಿನ ಈ ಮಾತು ಯಾರ ಬಾಯಲ್ಲೂ ಬರುವುದಿಲ್ಲ.

[ಗ್ರಾಫಿಕ್ಸ್: 2007 ಅನ್ನುವ ಅಂಕಿ, ಕೆಂಪು]

ಇನ್ನು 2007. ಕಚೇರಿ ಕಟ್ಟಡ ಕೊಂಡ ವರ್ಷವೇ ನಗರ ಇನ್ನೊಂದು ಬಾಂಡ್ ಮಾರಿತು. 12.5 ಕೋಟಿ ಡಾಲರ್. ಇದು ಕಟ್ಟಡಕ್ಕಲ್ಲ, ನೌಕರರ ಪಿಂಚಣಿ ಬಾಕಿಗೆ. ಲೆಕ್ಕಾಚಾರ ಹೀಗೆ: ಒಂದು ಬಡ್ಡಿಗೆ ಸಾಲ ತೆಗೆದು ರಾಜ್ಯದ ಪಿಂಚಣಿ ಸಂಸ್ಥೆ ಕ್ಯಾಲ್‌ಪರ್ಸ್‌ನಲ್ಲಿ ಹಾಕುವುದು. ಅವರು ಷೇರುಪೇಟೆಯಲ್ಲಿ ಅದಕ್ಕಿಂತ ಜಾಸ್ತಿ ಗಳಿಸುತ್ತಾರೆ. ನಡುವಿನ ವ್ಯತ್ಯಾಸ ನಮಗೆ ಲಾಭ. ಈ ಬಾಂಡ್ ಮಾರಿಕೊಟ್ಟ ಸಂಸ್ಥೆ ಯಾವುದು ಗೊತ್ತೇ? ಅಮೆರಿಕದ ದೊಡ್ಡ ಹೂಡಿಕೆ ಬ್ಯಾಂಕ್ ಲೀಮನ್ ಬ್ರದರ್ಸ್. 2008ರ ಸೆಪ್ಟೆಂಬರ್‌ನಲ್ಲಿ ಲೀಮನ್ನೇ ಮುಳುಗಿತು. ಷೇರುಪೇಟೆ ಕುಸಿಯಿತು. ಕ್ಯಾಲ್‌ಪರ್ಸ್ ಒಂದೇ ವರ್ಷದಲ್ಲಿ ಸುಮಾರು ಕಾಲು ಭಾಗ ಕಳೆದುಕೊಂಡಿತು. ಹಾಕಿದ ಹಣ ಕರಗಿತು, ಸಾಲ ಮಾತ್ರ ಹಾಗೇ ಉಳಿಯಿತು.

ಇದಕ್ಕಿಂತ ದೊಡ್ಡದು ಇನ್ನೊಂದಿತ್ತು. ನಿವೃತ್ತ ನೌಕರರಿಗೆ ಜೀವನಪೂರ್ತಿ ಆರೋಗ್ಯ ವಿಮೆ ಕೊಡುತ್ತೇವೆ ಅಂತ 1990ರ ದಶಕದಲ್ಲಿ ಮಾತು ಕೊಟ್ಟಿದ್ದರು. ಅದಕ್ಕೆ ಹಣ ಎತ್ತಿಟ್ಟಿರಲಿಲ್ಲ. ಬಾಕಿ ಬೆಳೆದು ಸುಮಾರು 54.5 ಕೋಟಿ ಡಾಲರ್ ಆಯಿತು. ಅರೀನಾ ಬಾಂಡ್‌ನ ಹತ್ತು ಪಟ್ಟಿಗೂ ಜಾಸ್ತಿ! 'ಅರೀನಾ ಕಟ್ಟಿ ದಿವಾಳಿ ಆದರು' ಅನ್ನುವುದು ಅರ್ಧ ಸತ್ಯ. ಅರೀನಾ ಕಣ್ಣಿಗೆ ಕಾಣುತ್ತದೆ, ಫೋಟೋ ತೆಗೆಯಬಹುದು. ಕೊಟ್ಟ ಮಾತಿನ ಫೋಟೋ ತೆಗೆಯಲು ಬರುವುದಿಲ್ಲ. ಆದರೆ ಎರಡನ್ನೂ ಮಾಡಿದವರು ನಂಬಿದ್ದು ಒಂದನ್ನೇ: ಮನೆ ಬೆಲೆ ಏರುತ್ತಲೇ ಇರುತ್ತದೆ.

[ದೃಶ್ಯ: ಖಾಲಿ ಮನೆಗಳ ಸಾಲು, 'ಮಾರಾಟಕ್ಕಿದೆ' ಫಲಕ]

ಮನೆ ಬೆಲೆ ಅರ್ಧಕ್ಕಿಂತ ಕೆಳಗೆ ಇಳಿಯಿತು. ಸಾಲ ಕಟ್ಟಲಾಗದೆ ಮನೆ ಕಳೆದುಕೊಂಡವರ ಪಟ್ಟಿಯಲ್ಲಿ ಸ್ಟಾಕ್ಟನ್ ಇಡೀ ದೇಶದಲ್ಲೇ ಮೇಲಿನ ಸ್ಥಾನಕ್ಕೆ ಬಂತು. ತೆರಿಗೆ ಕುಸಿಯಿತು, ಕಂತುಗಳು ಕುಸಿಯಲಿಲ್ಲ. ಪೊಲೀಸ್ ಪಡೆಯನ್ನು ಸುಮಾರು ಕಾಲು ಭಾಗ ಕಡಿತ ಮಾಡಿದರು. 2012ರಲ್ಲಿ ಊರಲ್ಲಿ 71 ಕೊಲೆಗಳಾದವು. ಅಲ್ಲಿವರೆಗಿನ ದಾಖಲೆ. ಕೊಲೆಗೆ ಕಾರಣ ಬಾಂಡ್ ಅಂತ ನಾನು ಹೇಳುತ್ತಿಲ್ಲ. ಆದರೆ ಜನರಿಗೆ ಪೊಲೀಸರು ಬೇಕಾದ ಹೊತ್ತಿಗೆ ಆ ನಿಧಿಯ ಹಣ ಹಳೇ ಕಂತುಗಳಿಗೆ ಮೊದಲೇ ಬರೆದುಕೊಟ್ಟಾಗಿತ್ತು.

2012ರ ಫೆಬ್ರವರಿ 1ಕ್ಕೆ ರಾಜ್ಯ ಸರ್ಕಾರ ಪುನರಭಿವೃದ್ಧಿ ಏಜೆನ್ಸಿಗಳನ್ನೇ ಮುಚ್ಚಿತು. ಒಂದಲ್ಲ, ಸುಮಾರು 400. ಅವು ಎಳೆದುಕೊಳ್ಳುತ್ತಿದ್ದ ತೆರಿಗೆಯಿಂದ ಶಾಲೆಗಳಿಗೆ ಆಗುತ್ತಿದ್ದ ನಷ್ಟವನ್ನು ರಾಜ್ಯವೇ ತುಂಬಿಕೊಡಬೇಕಾಗಿತ್ತು. ಗವರ್ನರ್ ಜೆರ್ರಿ ಬ್ರೌನ್ ಅವರಿಗೆ ಅದು ಸಾಕಾಗಿತ್ತು.

[ಗ್ರಾಫಿಕ್ಸ್: ಯಾರಿಗೆ ಎಷ್ಟು ಸಿಕ್ಕಿತು]

ಈಗ ಮುಖ್ಯ ಪ್ರಶ್ನೆ. ನಷ್ಟ ಯಾರ ತಲೆ ಮೇಲೆ ಬಿತ್ತು? ಯಾರಿಗೆ ಎಷ್ಟು ಕೊಡುವುದು ಅಂತ ನಗರ ಮಾಡಿದ ಯೋಜನೆಗೆ ದಿವಾಳಿ ಕೋರ್ಟಿನ ನ್ಯಾಯಾಧೀಶ ಕ್ರಿಸ್ಟೋಫರ್ ಕ್ಲೈನ್ 2014ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಕೊಟ್ಟರು.

ಕ್ಯಾಲ್‌ಪರ್ಸ್‌ಗೆ ಪೂರ್ತಿ ಸಿಕ್ಕಿತು. ಪಿಂಚಣಿ ಉಳಿಯಿತು. 400, ಈಸ್ಟ್ ಮೇನ್ ಕಟ್ಟಡ ಬಾಂಡ್‌ಗೆ ವಿಮೆ ಕೊಟ್ಟಿದ್ದ ಅಶ್ಯೂರ್ಡ್ ಗ್ಯಾರಂಟಿ ಪಾಲಾಯಿತು. ಅರೀನಾ ನಗರದ ಬಳಿಯೇ ಉಳಿಯಿತು. 2009ರಲ್ಲಿ ಸುಮಾರು 3.5 ಕೋಟಿ ಡಾಲರ್ ಸಾಲ ಕೊಟ್ಟಿದ್ದ ಹೂಡಿಕೆ ಸಂಸ್ಥೆ ಫ್ರಾಂಕ್ಲಿನ್ ಟೆಂಪಲ್ಟನ್‌ಗೆ ವಾಪಸ್ ಬಂದದ್ದು ನೂರಕ್ಕೆ ಸುಮಾರು 12. ಅವರ ಬಳಿ ಆಧಾರವಾಗಿ ಇದ್ದದ್ದು ಎರಡು ಗಾಲ್ಫ್ ಮೈದಾನ ಮತ್ತು ಒಂದು ಪಾರ್ಕ್. ಪಾರ್ಕನ್ನು ಯಾರು ಕೊಳ್ಳುತ್ತಾರೆ ಹೇಳಿ!

ನಿವೃತ್ತರ ಆರೋಗ್ಯ ವಿಮೆ? 54.5 ಕೋಟಿಯ ಲೆಕ್ಕ 51 ಲಕ್ಷ ಡಾಲರ್‌ಗೆ ಚುಕ್ತಾ. ನೂರಕ್ಕೆ ಒಂದು. ಬದುಕಿಡೀ ಆ ಊರಿಗೆ ದುಡಿದು, ಅರವತ್ತು ದಾಟಿದ ಮೇಲೆ ವಿಮೆ ಹುಡುಕುವುದನ್ನು ಯೋಚಿಸಿ ನೋಡಿ. ಮಾತು ಅತಿಯಾಗಿತ್ತು ಅಂತ ನೀವು ವಾದಿಸಬಹುದು, ನಾನೂ ಒಪ್ಪುತ್ತೇನೆ. ಆದರೆ ಮಾತು ಕೊಟ್ಟವರು ಅವರಲ್ಲ.

ಊರಿನ ಜನರೂ ತೆತ್ತರು. 2013ರ ನವೆಂಬರ್‌ನಲ್ಲಿ ಮಾರಾಟ ತೆರಿಗೆಯನ್ನು ಶೇ 9ಕ್ಕೆ ಏರಿಸುವ ಪ್ರಸ್ತಾವ ಮತಕ್ಕೆ ಬಂತು. ಪಾಸಾಯಿತು. ಗಮನಿಸಿ: ಸಾಲ ಎತ್ತುವಾಗ ಜನರ ಮತ ಕೇಳಲಿಲ್ಲ, ತೀರಿಸುವಾಗ ಕೇಳಿದರು. 2015ರ ಫೆಬ್ರವರಿಯಲ್ಲಿ ಸ್ಟಾಕ್ಟನ್ ದಿವಾಳಿಯಿಂದ ಹೊರಬಂತು.

[ದೃಶ್ಯ: ಬೆಂಗಳೂರು, ಕೆ.ಆರ್. ಮಾರುಕಟ್ಟೆ]

ಇದೆಲ್ಲ ಅಮೆರಿಕದ ಕಥೆ, ನಮಗೇನು ಅನ್ನುತ್ತೀರಾ? ಒಂದು ಎಳೆ ಇದೆ. 2010ರ ದಶಕದಲ್ಲಿ ಬೆಂಗಳೂರಿನ ಪಾಲಿಕೆ ಬಿಬಿಎಂಪಿ, ಕೇಂದ್ರ ಸರ್ಕಾರದ ಸಾಲ ಸಂಸ್ಥೆ ಹುಡ್ಕೋದಿಂದ ಸಾಲ ಪಡೆಯಲು ತನ್ನ 11 ಆಸ್ತಿಗಳನ್ನು ಅಡ ಇಟ್ಟಿತ್ತು. ಅದರಲ್ಲಿ ಕೆ.ಆರ್. ಮಾರುಕಟ್ಟೆ ಇತ್ತು, ಜಾನ್ಸನ್ ಮಾರುಕಟ್ಟೆ ಇತ್ತು. ಆಮೇಲೆ ಒಂದೊಂದಾಗಿ ಬಿಡಿಸಿಕೊಳ್ಳಲು ಶುರು ಮಾಡಿದರು. ಅಲ್ಲಿ ತರಕಾರಿ, ಹೂವು ಕೊಳ್ಳುತ್ತಿದ್ದ ನಮಗೆ ಮಾರುಕಟ್ಟೆಯೇ ಅಡವಿದೆ ಅಂತ ತಿಳಿದದ್ದು ಸುದ್ದಿಯಲ್ಲಿ ಬಂದ ಮೇಲೆ.

ಒಂದು ದೊಡ್ಡ ವ್ಯತ್ಯಾಸವೂ ಇದೆ. ನಮ್ಮಲ್ಲಿ ಪಾಲಿಕೆಯೊಂದು ಕೋರ್ಟಿಗೆ ಹೋಗಿ 'ನಾನು ದಿವಾಳಿ' ಅನ್ನಲು ಸ್ಟಾಕ್ಟನ್‌ಗೆ ಇದ್ದಂಥ ಕಾನೂನೇ ಇಲ್ಲ. ಹಾಗಾಗಿ ಯಾರಿಗೆ ನೂರಕ್ಕೆ ನೂರು, ಯಾರಿಗೆ ಹನ್ನೆರಡು, ಯಾರಿಗೆ ಒಂದು ಅನ್ನುವ ಪಟ್ಟಿ ನ್ಯಾಯಾಧೀಶರ ಮುಂದೆ ಬಹಿರಂಗವಾಗಿ ಬರುವುದಿಲ್ಲ. ಪಾಲಿಕೆ ಕೈಚೆಲ್ಲಿದರೆ ಕಣ್ಣು ಹೋಗುವುದು ರಾಜ್ಯ ಸರ್ಕಾರದ ಕಡೆ. ಆಗ ಬೆಂಗಳೂರಿನ ಸಾಲದಲ್ಲಿ ಬೀದರ್‌ನವರ ತೆರಿಗೆಯೂ ಸೇರುತ್ತದೆ, ಗುತ್ತಿಗೆದಾರರ ಬಿಲ್ಲುಗಳು ಕಾಯುತ್ತವೆ.

[ಗ್ರಾಫಿಕ್ಸ್: ಪಾಲಿಕೆ ಬಜೆಟ್ ಪುಸ್ತಕದ ಒಂದು ಪುಟ]

ನಿಮ್ಮ ಊರಿನ ಪಾಲಿಕೆ ಬಜೆಟ್ ಸಿಕ್ಕರೆ ಹೊಸ ಯೋಜನೆಗಳ ಪುಟ ಆಮೇಲೆ ನೋಡಿ. ಮೊದಲು ಸಾಲದ ಅಸಲು ಮತ್ತು ಬಡ್ಡಿಯ ಸಾಲನ್ನು ಹುಡುಕಿ. ಆ ಮೊತ್ತ ಎಷ್ಟಿದೆ ಅಂತ ಕೆಳಗೆ ಬರೆಯಿರಿ, ಊರಿನ ಹೆಸರೂ ಹಾಕಿ. ಸಾಕಷ್ಟು ಊರುಗಳ ಲೆಕ್ಕ ಬಂದರೆ ಅದರ ಮೇಲೆಯೇ ಮುಂದಿನ ವಿಡಿಯೋ ಮಾಡುತ್ತೇನೆ.