ಜಂಬೂಸವಾರಿ ಟೇಪಿನ ಬಣ್ಣ ಕಂಪ್ಯೂಟರ್‌ನಲ್ಲಿ ಯಾಕೆ ಮಂಕಾಯಿತು?

ನಮಸ್ಕಾರ. ಈಗ ನೀವು ನೋಡುತ್ತಿರುವುದು 2003ರ ಮೈಸೂರು ದಸರಾ. ಅಂಬಾರಿ ಹೊತ್ತವನು ಬಲರಾಮ. ನನ್ನ ಸೋದರಮಾವ ಸಯ್ಯಾಜಿರಾವ್ ರಸ್ತೆಯ ಪಕ್ಕ ನಿಂತು, ಮಿನಿ ಡಿವಿ ಕ್ಯಾಮ್‌ಕಾರ್ಡರ್‌ನಲ್ಲಿ ತೆಗೆದ ವಿಡಿಯೋ ಇದು. ಆನೆಯ ಕಪ್ಪು ಮೈ ನೋಡಿ, ಬೂದಿ ಬಣ್ಣಕ್ಕೆ ತಿರುಗಿದೆ. ಅಂಬಾರಿಯ ಚಿನ್ನದಲ್ಲಿ ಹೊಳಪೇ ಇಲ್ಲ. ಹಾಲಿಗೆ ನೀರು ಬೆರೆಸಿದ ಹಾಗೆ ಇಡೀ ಚಿತ್ರ ತೆಳ್ಳಗಾಗಿದೆ.

"ಟೇಪ್ ಹಳೇದಾಯ್ತು ಕಣಮ್ಮ, ಬಣ್ಣ ಹೋಗಿದೆ ಬಿಡು" ಅಂದರು ಮಾವ. ಇಲ್ಲ ಮಾವ, ಹೋಗಿಲ್ಲ. ಮಿನಿ ಡಿವಿ ಟೇಪಿನಲ್ಲಿರುವುದು ಡಿಜಿಟಲ್ ಅಂಕಿಗಳು. ಟೇಪ್ ಹಾಳಾದರೆ ಚಿತ್ರದಲ್ಲಿ ಚೌಕ ಚೌಕ ತುಂಡುಗಳು ಕಾಣುತ್ತವೆ, ಚಿತ್ರ ನಿಂತು ನಿಂತು ಓಡುತ್ತದೆ. ಹಳೇ ಫೋಟೋ ಥರ ಬಣ್ಣ ಮಾಸುವುದಿಲ್ಲ.

ಹಾಗಾಗಿ ಬ್ರೈಟ್‌ನೆಸ್ ತಿರುಗಿಸುವ ಮುಂಚೆ, ತಪ್ಪು ಎಲ್ಲಿ ಆಗುತ್ತಿದೆ ಅಂತ ಹುಡುಕಿ. ಕ್ಯಾಮ್‌ಕಾರ್ಡರ್ ಅನ್ನು ಹಳದಿ, ಬಿಳಿ, ಕೆಂಪು ಕೇಬಲ್‌ನಲ್ಲಿ ನೇರ ಟಿವಿಗೆ ಹಾಕಿ ನೋಡಿದೆವು. ಬಲರಾಮ ಕಪ್ಪಗೇ ಇದ್ದ! ಅಂದರೆ ಟೇಪ್ ಚೆನ್ನಾಗಿದೆ, ಕ್ಯಾಮೆರಾನೂ ಚೆನ್ನಾಗಿದೆ.

ಇನ್ನು ಕಂಪ್ಯೂಟರ್‌ಗೆ ತಂದದ್ದು ಫೈರ್‌ವೈರ್ ಕೇಬಲ್‌ನಲ್ಲಿ. ಟೇಪಿನಲ್ಲಿರುವ ಅಂಕಿಗಳನ್ನೇ ಅದು ಹಾಗೇ ನಕಲು ಮಾಡುತ್ತದೆ. ಒಂದು ಗಂಟೆಗೆ ಸುಮಾರು 13 ಜಿಬಿ. ದಾರಿಯಲ್ಲಿ ಬಣ್ಣ ಬದಲಾಗಲು ಜಾಗವೇ ಇಲ್ಲ. ಹಾಗಾದರೆ ಉಳಿದದ್ದು ಒಂದೇ, ಆ ಫೈಲನ್ನು ಕಂಪ್ಯೂಟರ್ ಓದುವ ರೀತಿ.

ವಿಷಯ ಇರುವುದು ಇಲ್ಲೇ. ಚಿತ್ರದ ಪ್ರತಿ ಚುಕ್ಕೆಯ ಬೆಳಕೂ ಒಂದು ಅಂಕಿ. ಕ್ಯಾಮ್‌ಕಾರ್ಡರ್ ವಿಡಿಯೋದಲ್ಲಿ ಕಪ್ಪು ಅಂದರೆ 16, ಬಿಳಿ ಅಂದರೆ 235. ಕಂಪ್ಯೂಟರ್ ಪರದೆಗೆ ಕಪ್ಪು 0, ಬಿಳಿ 255. ಪ್ಲೇಯರ್ ಈ ಎರಡನ್ನೂ ಹೊಂದಿಸಿ ತೋರಿಸಬೇಕು. ಅದು ಹೊಂದಿಸದೇ ಹೋದರೆ ಕಪ್ಪು ಬೂದಿಯಾಗುತ್ತದೆ, ಬಿಳಿ ಮಂಕಾಗುತ್ತದೆ. ಎರಡು ಸಲ ಹೊಂದಿಸಿದರೆ ಉಲ್ಟಾ. ನೆರಳೆಲ್ಲ ಕಪ್ಪು ಮುದ್ದೆಯಾಗಿ, ಬಿಳಿ ಪಂಚೆಯ ಮಡಿಕೆಗಳೇ ಕಾಣುವುದಿಲ್ಲ.

ಎಡಿಟಿಂಗ್‌ಗೆ ನಾನು ಡಾವಿಂಚಿ ರಿಸಾಲ್ವ್ ಅನ್ನುವ ಸಾಫ್ಟ್‌ವೇರ್ ಬಳಸುತ್ತೇನೆ. ಕ್ಲಿಪ್ ಮೇಲೆ ರೈಟ್ ಕ್ಲಿಕ್ ಮಾಡಿ, ಕ್ಲಿಪ್ ಆಟ್ರಿಬ್ಯೂಟ್ಸ್‌ಗೆ ಹೋಗಿ. ಡೇಟಾ ಲೆವೆಲ್ಸ್ ಅಂತ ಇದೆ. ಇಲ್ಲಿ "ಫುಲ್" ಅಂತಿದೆ ನೋಡಿ, ಅದನ್ನು "ವಿಡಿಯೋ" ಅಂತ ಬದಲಾಯಿಸಿ. ಈಗ ಆನೆ ನೋಡಿ! ಮೈಮೇಲಿನ ಕಸೂತಿ ಬಟ್ಟೆಯ ಅಂಚು ಬಿಡಿಬಿಡಿಯಾಗಿ ಕಾಣುತ್ತಿದೆ ಅಲ್ವಾ? ಒಂದೇ ಒಂದು ಬಣ್ಣದ ಗುಂಡಿ ಮುಟ್ಟಿಲ್ಲ.

ವಿಎಲ್‌ಸಿ ಪ್ಲೇಯರ್‌ನಲ್ಲಿ ಮಾತ್ರ ಮಂಕಾಗಿದ್ದರೆ, ವಿಡಿಯೋ ಸೆಟ್ಟಿಂಗ್ಸ್‌ನಲ್ಲಿ ಹಾರ್ಡ್‌ವೇರ್ ವೈಯುವಿ ಟು ಆರ್‌ಜಿಬಿ ಅನ್ನುವ ಆಯ್ಕೆಯನ್ನು ತೆಗೆದು ನೋಡಿ. ಇಡೀ ಡೆಸ್ಕ್‌ಟಾಪೇ ಮಂಕಾಗಿದ್ದರೆ, ಪರದೆಗೆ ಹೋಗುವ ಎಚ್‌ಡಿಎಂಐ ಕೇಬಲ್‌ನ ಸೆಟ್ಟಿಂಗ್‌ನಲ್ಲೂ ಇದೇ ಕಪ್ಪು-ಬಿಳಿ ಲೆಕ್ಕ ಸರಿ ಇದೆಯಾ ನೋಡಿ. ಎಲ್ಲವೂ ಹಳದಿಯಾಗಿದ್ದರೆ, ರಾತ್ರಿ ಹೊತ್ತು ಪರದೆಯನ್ನು ಹಳದಿ ಮಾಡುವ ನೈಟ್ ಲೈಟ್ ಆನ್ ಆಗಿರಬಹುದು. ಅದೇ ಫೈಲನ್ನು ಫೋನಿನಲ್ಲೂ ಒಮ್ಮೆ ಹಾಕಿ ನೋಡುವುದು ಒಳ್ಳೆಯದು.

ಕುಂಕುಮದ ಕೆಂಪು ಸ್ವಲ್ಪ ಕಿತ್ತಳೆ ಕಡೆಗೆ ವಾಲಿದೆ ಅಂತ ಅನಿಸಿದರೆ, ಅದು ಬೇರೆ ತೊಂದರೆ. ಹಳೇ ಎಸ್‌ಡಿ, ಅಂದರೆ ಮಿನಿ ಡಿವಿಯಂಥ ಸ್ಟ್ಯಾಂಡರ್ಡ್ ಡೆಫಿನಿಷನ್ ವಿಡಿಯೋದ ಬಣ್ಣದ ಲೆಕ್ಕ ರೆಕ್ 601. ಎಚ್‌ಡಿಯದು ರೆಕ್ 709. ಒಂದನ್ನು ಇನ್ನೊಂದು ಅಂತ ಓದಿದರೆ ಹೀಗಾಗುತ್ತದೆ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಇದು ಅದೇ ರಾತ್ರಿಯ ಅರಮನೆ. ದೀಪಗಳೆಲ್ಲ ಸೇರಿ ಒಂದೇ ಬಿಳಿ ಗೆರೆಯಾಗಿವೆ. ಹೋಯಿತು ಅಂತ ಬಿಡಬೇಡಿ. ತುಂಬಾ ಡಿವಿ ಕ್ಯಾಮೆರಾಗಳು 235ರ ಮೇಲೂ ಬೆಳಕನ್ನು ಬರೆದಿಟ್ಟಿರುತ್ತವೆ. ಪ್ಲೇಯರ್ ಅದನ್ನು ಕತ್ತರಿಸಿ ತೋರಿಸುತ್ತದೆ ಅಷ್ಟೇ. ಹೈಲೈಟ್ಸ್, ಅಂದರೆ ತುಂಬಾ ಬೆಳಕಿರುವ ಭಾಗವನ್ನು ಮೆಲ್ಲಗೆ ಇಳಿಸುತ್ತೇನೆ, ನೋಡಿ. ನಡುವಿನ ಗೋಪುರದ ಸುತ್ತ ಬಲ್ಬುಗಳು ಒಂದೊಂದಾಗಿ ಬೇರೆಯಾಗುತ್ತಿವೆ. ಪೂರ್ತಿ ಅಲ್ಲ, ಆದರೆ ಇಷ್ಟು ಸಿಕ್ಕಿದ್ದೇ ದೊಡ್ಡದು.

ನಿಮ್ಮ ಮನೆಯಲ್ಲಿರುವುದು ವಿಡಿಯೋ 8 ಅಥವಾ ಹೈ 8 ಟೇಪ್ ಆದರೆ ಕಥೆ ಬೇರೆ. ಅವು ಅನಲಾಗ್, ಅವುಗಳಲ್ಲಿ ಅಂಕಿಗಳಿಲ್ಲ. ಅವನ್ನು ಕಂಪ್ಯೂಟರ್ ಫೈಲ್ ಮಾಡುವ ಯುಎಸ್‌ಬಿ ಕ್ಯಾಪ್ಚರ್ ಸ್ಟಿಕ್‌ನಲ್ಲಿ ತರುವಾಗ ನಿಜವಾಗಿಯೂ ಬಣ್ಣ ಕೆಡಬಹುದು. ಚಿತ್ರ ಪೂರ್ತಿ ಕಪ್ಪುಬಿಳುಪಾಗಿ ಬಂದರೆ ಮೊದಲು ಪಾಲ್, ಎನ್‌ಟಿಎಸ್‌ಸಿ ಆಯ್ಕೆ ನೋಡಿ. ಇವು ಬೇರೆ ಬೇರೆ ದೇಶಗಳ ಟಿವಿ ಪದ್ಧತಿಗಳು. ಇಲ್ಲಿ ಕೊಂಡ ಕ್ಯಾಮೆರಾ ಸಾಮಾನ್ಯವಾಗಿ ಪಾಲ್. ಅಮೆರಿಕದಲ್ಲಿರುವ ನೆಂಟರು ತಂದುಕೊಟ್ಟದ್ದಾದರೆ ಎನ್‌ಟಿಎಸ್‌ಸಿ. ಮೈಸೂರಿನಲ್ಲಿ ಅಂಥವು ಬೇಕಾದಷ್ಟು ಮನೆಗಳಲ್ಲಿವೆ! ಅಂಥ ಕ್ಯಾಮೆರಾದಲ್ಲಿ ಛತ್ರದ ಟ್ಯೂಬ್‌ಲೈಟ್ ಕೆಳಗೆ ತೆಗೆದ ಮದುವೆ ವಿಡಿಯೋ ಪಟಪಟ ಮಿನುಗುತ್ತದೆ. ನಮ್ಮ ಕರೆಂಟ್ 50 ಹರ್ಟ್ಸ್, ಆ ಕ್ಯಾಮೆರಾ ಲೆಕ್ಕ 60. ಆ ಮಿನುಗು ಟೇಪಿನಲ್ಲೇ ಕೂತಿದೆ, ಕೇಬಲ್ ಬದಲಾಯಿಸಿ ಪ್ರಯೋಜನವಿಲ್ಲ. ಡಿಫ್ಲಿಕರ್ ಫಿಲ್ಟರ್ ಹಾಕಬೇಕು.

ಕ್ಯಾಪ್ಚರ್ ಸ್ಟಿಕ್ ವಿಷಯದಲ್ಲಿ ಇನ್ನೊಂದು ಮಾತು. ಕಾಂಟ್ರಾಸ್ಟ್ ಜಾಸ್ತಿ ಇಟ್ಟು ಕ್ಯಾಪ್ಚರ್ ಮಾಡಬೇಡಿ. ಬಿಳಿ ಒಮ್ಮೆ ಕತ್ತರಿಸಿಹೋದರೆ ಆ ಫೈಲಿನಲ್ಲಿ ಮತ್ತೆ ಬರುವುದಿಲ್ಲ. ಸ್ವಲ್ಪ ಮಂಕಾಗಿಯೇ ತನ್ನಿ, ಎಡಿಟ್‌ನಲ್ಲಿ ಏರಿಸಿಕೊಳ್ಳಬಹುದು. ಕ್ಯಾಮೆರಾದಲ್ಲಿ ಎಸ್‌-ವಿಡಿಯೋ ಸಾಕೆಟ್ ಇದ್ದರೆ ಹಳದಿ ಕೇಬಲ್ ಬದಲು ಅದನ್ನೇ ಬಳಸಿ. ಬಣ್ಣದ ಅಂಚುಗಳು ಚೊಕ್ಕವಾಗಿ ಬರುತ್ತವೆ.

ಅಂಗಡಿಗೆ ಕೊಟ್ಟು ಮಾಡಿಸುವವರು ದಯವಿಟ್ಟು ಮೊದಲೇ ಹೇಳಿಬಿಡಿ, ಡಿವಿಡಿ ಮಾತ್ರ ಸಾಲದು, ಬಣ್ಣ ತಿದ್ದದ ಮೂಲ ಫೈಲೂ ಬೇಕು ಅಂತ. ಪೆನ್‌ಡ್ರೈವ್ ನೀವೇ ತೆಗೆದುಕೊಂಡು ಹೋಗಿ. ಕೆಲಸ ಮುಗಿದ ಮೇಲೆ ಟೇಪನ್ನು ಮಾತ್ರ ಅಲ್ಲೇ ಬಿಟ್ಟು ಬರಬೇಡಿ.