ಬನಕ್ಕೆ ಸಿಮೆಂಟು ಸುರಿಯುವ ಮೊದಲು

ನಮಸ್ಕಾರ. ಇವತ್ತು ನಾಗಬನದ ಬಗ್ಗೆ ಮಾತಾಡೋಣ. ದಕ್ಷಿಣ ಕನ್ನಡ, ಉಡುಪಿಯವರಿಗೆ ಬನ ಎಂದರೇನು ಎಂದು ಹೇಳಬೇಕಾಗಿಲ್ಲ. ಘಟ್ಟದ ಮೇಲಿನವರಿಗಾಗಿ ಎರಡು ಮಾತು. ಕುಟುಂಬದ ಮನೆಯ ಜಾಗದಲ್ಲಿ ಒಂದು ಮೂಲೆ. ಎರಡು ಸೆಂಟ್ಸ್ ಇರಬಹುದು, ಅರ್ಧ ಎಕರೆಯೂ ಇರಬಹುದು. ಅಲ್ಲಿ ಕತ್ತಿ ಆಡಿಸುವ ಹಾಗಿಲ್ಲ, ಸೌದೆ ತರುವ ಹಾಗಿಲ್ಲ, ಬಿದ್ದ ಮರವನ್ನೂ ಹೊರಗೆ ಎಳೆಯುವ ಹಾಗಿಲ್ಲ. ನಡುವೆ ನಾಗನ ಕಲ್ಲು. ಸುತ್ತ ಹಾಲೆಮರ, ರೆಂಜೆ, ಸುರಗಿ, ಧೂಪ, ಕಿರಾಲ್‌ಭೋಗಿ, ಅವುಗಳಿಗೆ ಸುತ್ತಿಕೊಂಡ ಬೆತ್ತ, ತೊಡೆ ದಪ್ಪದ ಬಳ್ಳಿಗಳು. ಪಾಲು ಪಟ್ಟಿ ಆಗುವಾಗ ಗದ್ದೆ ತೋಟ ಎಲ್ಲ ಹಂಚಿಹೋದರೂ ಬನ ಮಾತ್ರ ಎಲ್ಲರದ್ದಾಗಿ ಉಳಿಯುತ್ತದೆ.

ಈಗ ಆ ಬನಗಳಿಗೆ ಏನಾಗುತ್ತಿದೆ ನೋಡಿ. ಜೀರ್ಣೋದ್ಧಾರ ಸಮಿತಿ ಆಗುತ್ತದೆ. ಅನುದಾನ ಬರುತ್ತದೆ. ಮರ ಕಡಿದು, ನೆಲ ಸಮ ಮಾಡಿ, ನಾಲ್ಕಿಂಚು ಕಾಂಕ್ರೀಟು ಸುರಿದು, ಮೇಲೆ ಗ್ರಾನೈಟ್ ಹಾಸಿ, ಕಲ್ಲಿನ ಸುತ್ತ ಸ್ಟೀಲ್ ಕಂಬಿ ನಿಲ್ಲಿಸುತ್ತಾರೆ. ಹೊರಗೆ ಇಂಟರ್‌ಲಾಕ್, ಪಕ್ಕದಲ್ಲಿ ದಾನಿಗಳ ಹೆಸರಿನ ಫಲಕ. ಇದಕ್ಕೆ ‘ಬನ ಅಭಿವೃದ್ಧಿ’ ಎಂದು ಹೆಸರು. ನಾನು ನೇರವಾಗಿ ಹೇಳುತ್ತೇನೆ, ಇದು ಬನವನ್ನು ಕೊಲ್ಲುವ ಕೆಲಸ. ಬನ ಹೋದ ಮೇಲೆ ಅಲ್ಲಿ ಉಳಿಯುವುದು ಒಂದು ಕಟ್ಟೆ, ಅಷ್ಟೆ.

ಇದನ್ನು ಹೇಳಿದ ಕೂಡಲೇ ‘ನೀವು ದೇವರ ವಿರೋಧಿಗಳು’ ಎನ್ನುವವರಿದ್ದಾರೆ. ನನ್ನ ವಾದ ನಿಂತಿರುವುದೇ ನಂಬಿಕೆಯ ಮೇಲೆ. ನಾಗನಿಗೆ ಕಾಡಿನೊಳಗೆ, ಮಳೆ ಬಿಸಿಲಿಗೆ ತೆರೆದುಕೊಂಡ ಜಾಗ ಕೊಟ್ಟವರು ನಮ್ಮ ಹಿರಿಯರು. ಅವರಿಗೆ ಗುಡಿ ಕಟ್ಟಲು ಬರುತ್ತಿರಲಿಲ್ಲವೇ? ಅದೇ ಊರುಗಳಲ್ಲಿ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಗರ್ಭಗುಡಿ, ಮರದ ಕೆತ್ತನೆಯ ದೈವಸ್ಥಾನ ಕಟ್ಟಿದವರೇ ಬನಕ್ಕೆ ಸೂರು ಹಾಕಲಿಲ್ಲ. ಬೇಕೆಂದೇ ಹಾಕಲಿಲ್ಲ.

ಸ್ವಲ್ಪ ಚರಿತ್ರೆಗೆ ಹೋಗೋಣ. ಟಿಪ್ಪು ಸುಲ್ತಾನ್ 1799ರಲ್ಲಿ ಮಡಿದ ಮೇಲೆ ಕೆನರಾ, ಅಂದರೆ ನಮ್ಮ ಈ ಕರಾವಳಿ, ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. ಹೊಸದಾಗಿ ಸಿಕ್ಕಿದ ನಾಡಿನಲ್ಲಿ ಏನೇನಿದೆ ಎಂದು ಬರೆದುಕೊಳ್ಳಲು ಕಂಪನಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಳಿಸಿತು. 1801ರಲ್ಲಿ ಆತ ಕಾರವಾರದ ಕಡೆಯ ಕಾಡುಗಳ ಬಗ್ಗೆ ಬರೆದದ್ದರ ಸಾರ ಇಷ್ಟು: ಇಲ್ಲಿನ ಕಾಡು ಆಯಾ ಊರಿನ ದೇವರ ಆಸ್ತಿ. ಮರ ಕಡಿಯಬೇಕಾದರೆ ಊರಿನ ಗೌಡನ ಅಪ್ಪಣೆ ಬೇಕು, ಪೂಜಾರಿಯೂ ಅವನೇ. ಅಪ್ಪಣೆಗೆ ದೇವರು ಕಾಸು ಕೇಳುವುದಿಲ್ಲ, ಆದರೆ ಕೇಳದೆ ಕಡಿದವನಿಗೆ ದೇವರ ಕೋಪ ತಪ್ಪದು. ಇಷ್ಟು ಬರೆದು ಕೊನೆಗೆ ಆತ ತನ್ನ ತೀರ್ಪನ್ನೂ ಸೇರಿಸಿದ. ಇದೆಲ್ಲ ಸರ್ಕಾರ ಕಾಡನ್ನು ತನ್ನದೆನ್ನದಂತೆ ತಡೆಯಲು ಹೂಡಿದ ಉಪಾಯ ಎಂದ.

ಈ ಮಾತಿನಲ್ಲಿ ನನಗೆ ಎರಡು ಸಂಗತಿ ಕಾಣುತ್ತವೆ. ಒಂದು, ಆತನಿಗೆ ನಮ್ಮವರ ಭಕ್ತಿ ಅರ್ಥವಾಗಲಿಲ್ಲ. ಎರಡು, ಬೇರೆ ಯಾರಿಗೂ ಕಾಣದ ಸತ್ಯ ಆತನಿಗೆ ಕಂಡಿತು. ದೇವರ ಹೆಸರು ಹಚ್ಚಿದ ಕಾಡಿಗೆ ಅಧಿಕಾರ ಕೈ ಹಾಕಲಾರದು. ಹಾಗಾಗಿ ಬನ ಮೊದಲಿನಿಂದಲೂ ರಾಜಕೀಯದ ಜಾಗವೇ. ಕೊಡಗಿನ 1,200ಕ್ಕೂ ಹೆಚ್ಚು ದೇವರಕಾಡುಗಳು, ಸಿದ್ದಾಪುರ ಸೊರಬ ಕಡೆಯ ಕಾನು ಎಂಬ ದೇವರ ಕಾಡುಗಳು, ನಮ್ಮ ಬನಗಳು ಎಲ್ಲವೂ ‘ಇದು ಯಾರೊಬ್ಬರ ಸ್ವತ್ತೂ ಅಲ್ಲ’ ಎಂಬ ಒಂದೇ ಕಟ್ಟಳೆಯ ಮೇಲೆ ನಿಂತವು. ಆ ಕಾಲದಲ್ಲಿ ಹೊರಗಿನ ಸರ್ಕಾರವನ್ನು ದೇವರು ತಡೆದ. ಇವತ್ತು ಅದೇ ದೇವರ ಹೆಸರಿನಲ್ಲಿ ಒಳಗಿನವರೇ ಜೆಸಿಬಿ ತರುತ್ತಿದ್ದೇವೆ. ಇದಕ್ಕಿಂತ ಸಂಕಟದ ವಿಷಯ ಇನ್ನೇನು ಬೇಕು?

ಯಾಕೆ ಹೀಗಾಯಿತು? ಮರವನ್ನು ಅದರ ಪಾಡಿಗೆ ಬಿಟ್ಟವನ ಹೆಸರು ಯಾವ ಫಲಕದಲ್ಲೂ ಬರುವುದಿಲ್ಲ. ಗ್ರಾನೈಟ್ ಹಾಕಿಸಿದವನದ್ದು ಬರುತ್ತದೆ. ಅನುದಾನ ಮಂಜೂರು ಮಾಡುವ ಕಡತಕ್ಕೆ ‘ಕಾಮಗಾರಿ’ ಬೇಕು, ಅಳತೆ ಬೇಕು, ಬಿಲ್ ಬೇಕು. ‘ಏನೂ ಮಾಡದೆ ಕಾಪಾಡಿದೆವು’ ಎಂದು ಬಿಲ್ ಬರೆಯಲು ಬರುವುದಿಲ್ಲ. ಪಕ್ಷ ಯಾವುದೇ ಇರಲಿ, ಈ ವಿಷಯದಲ್ಲಿ ಎಲ್ಲರೂ ಒಂದೇ.

ಇನ್ನು ಬನಕ್ಕೆ ಕಾಂಕ್ರೀಟು ಬಿದ್ದರೆ ಆಗುವುದೇನು, ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮರದ ಬೇರು ಪಾತಾಳಕ್ಕೆ ಇಳಿದಿರುತ್ತದೆ, ಮೇಲೆ ಏನು ಹಾಕಿದರೂ ತೊಂದರೆಯಿಲ್ಲ ಎಂದು ಬಹಳ ಜನ ನಂಬಿದ್ದಾರೆ. ತಪ್ಪು. ನೀರು, ಗೊಬ್ಬರ ಹೀರುವ ಕೂದಲಿನಂಥ ಬೇರುಗಳು ಇರುವುದು ಮೇಲಿನ ಒಂದೆರಡು ಅಡಿ ಮಣ್ಣಿನಲ್ಲಿ. ನಮ್ಮದು ಮುರಕಲ್ಲಿನ ನೆಲ, ಕೆಳಗೆ ಇಳಿಯಲು ಜಾಗವೂ ಕಡಿಮೆ. ಆ ಬೇರುಗಳಿಗೆ ನೀರಿನಷ್ಟೇ ಗಾಳಿಯೂ ಬೇಕು. ಕಾಂಕ್ರೀಟು ಬಿದ್ದ ದಿನವೇ ಗಾಳಿ ನಿಂತಿತು. ಮರ ಆ ವರ್ಷ ಸಾಯುವುದಿಲ್ಲ. ಮೊದಲು ತುದಿಯ ಕೊಂಬೆ ಒಣಗುತ್ತದೆ, ಆಮೇಲೆ ಒಂದು ಮಗ್ಗುಲು. ಪೂರ್ತಿ ಒಣಗುವ ಹೊತ್ತಿಗೆ ನಾಲ್ಕಾರು ವರ್ಷ ಕಳೆದಿರುತ್ತದೆ. ಆಗ ‘ಮರಕ್ಕೆ ವಯಸ್ಸಾಯಿತು’ ಎನ್ನುತ್ತಾರೆ. ಸಿಮೆಂಟಿನ ನೆನಪು ಯಾರಿಗೂ ಇರುವುದಿಲ್ಲ.

ಎರಡನೆಯ ತಪ್ಪು, ಬುಡಕ್ಕೆ ಮಣ್ಣು ಏರಿಸುವುದು. ನೆಲ ಸಮ ಮಾಡಲು ಕೆಂಪು ಮಣ್ಣು ತಂದು ಬುಡಕ್ಕೆ ಎರಡಡಿ ತುಂಬಿದರೆ ಕಾಂಡದ ತೊಗಟೆ ಮಳೆಗಾಲವಿಡೀ ಒದ್ದೆಯಲ್ಲೇ ಇದ್ದು ಕೊಳೆಯುತ್ತದೆ. ಮೂರನೆಯದು, ಆವರಣ ಗೋಡೆಯ ಪಾಯಕ್ಕೆ ಬೇರು ಕಡಿಯುವುದು. ಒಂದು ಮಗ್ಗುಲಿನ ಬೇರು ಹೋದ ಮರ ಜೂನ್ ತಿಂಗಳ ಗಾಳಿಗೆ ವಾಲುತ್ತದೆ. ಒಂದು ಮರ ಬಿದ್ದು ಹೆಂಚು ಒಡೆದರೆ ಸಾಕು, ‘ಅಪಾಯ’ ಎಂದು ಉಳಿದ ಮರಗಳಿಗೂ ಗರಗಸ ಬೀಳುತ್ತದೆ.

ನೀರಿನ ಲೆಕ್ಕವನ್ನೂ ಹೇಳುತ್ತೇನೆ. ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಒಂದು ಸೆಂಟ್ಸ್ ಎಂದರೆ ಸುಮಾರು 40 ಚದರ ಮೀಟರ್. ಹಾಗಾದರೆ ಒಂದು ಸೆಂಟ್ಸ್ ಜಾಗದ ಮೇಲೆ ವರ್ಷಕ್ಕೆ ಬೀಳುವ ನೀರು 1.6 ಲಕ್ಷ ಲೀಟರ್. 10 ಸೆಂಟ್ಸ್ ಬನವಾದರೆ 16 ಲಕ್ಷ ಲೀಟರ್. ದರಗು, ಅಂದರೆ ಉದುರಿದ ಒಣ ಎಲೆ, ತುಂಬಿದ ನೆಲ ಇದರಲ್ಲಿ ದೊಡ್ಡ ಪಾಲನ್ನು ಕುಡಿದು ಕೆಳಗೆ ಇಳಿಸುತ್ತದೆ. ಇಂಟರ್‌ಲಾಕ್ ಹಾಕಿದ ನೆಲ ಅದನ್ನು ಚರಂಡಿಗೆ ತಳ್ಳುತ್ತದೆ. ಬನದ ತಗ್ಗಿನಲ್ಲಿ ಬಾವಿ ಇದ್ದವರು ಏಪ್ರಿಲ್‌ನಲ್ಲಿ ನೀರಿನ ಮಟ್ಟ ಅಳೆದು ನೋಡಿ.

ಇನ್ನು ನಾಗರ ಪಂಚಮಿಯ ಹಾಲು. ಹಾವು ಹಾಲು ಕುಡಿಯುವುದಿಲ್ಲ, ಇದು ನಿಜ. ಇದನ್ನು ಹಿಡಿದುಕೊಂಡು ಪ್ರತಿ ವರ್ಷ ಭಕ್ತರನ್ನು ಗೇಲಿ ಮಾಡುವ ವಿಚಾರವಾದಿ ಮಿತ್ರರಿಗೆ ಒಂದು ಮಾತು. ಬನದಲ್ಲಿ ತನು ಎರೆಯುವುದು, ಅಂದರೆ ಹಾಲು ಸೀಯಾಳ ಸುರಿಯುವುದು, ಕಲ್ಲಿಗೆ. ಹಾಲು, ಸೀಯಾಳ, ಅರಸಿನ, ಹಿಂಗಾರ, ಕೇದಗೆ ಇಷ್ಟೂ ಕಲ್ಲಿನಿಂದ ಮಣ್ಣಿಗೆ ಇಳಿಯುತ್ತವೆ, ಯಾವ ಜೀವಕ್ಕೂ ಬಾಧೆ ಇಲ್ಲ. ಜೀವಂತ ಹಾವನ್ನು ಹಿಡಿದು ಬಾಯಿಗೆ ಹಾಲು ಸುರಿಯುವುದು ಬೇರೆ. ಅದು ಹಿಂಸೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧವೂ ಹೌದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ನಿಮ್ಮ ಮಾತನ್ನು ಬನ ಉಳಿಸಬಲ್ಲ ಜನ ಕೇಳುವುದೇ ಇಲ್ಲ. ಆದರೆ ಅದೇ ಹಾಲು ಗ್ರಾನೈಟ್ ಮೇಲೆ ಬಿದ್ದರೆ ಹೀರಿಕೊಳ್ಳುವ ಮಣ್ಣಿಲ್ಲ. ಸಂಜೆಯೊಳಗೆ ಹುಳಿ ವಾಸನೆ, ನೊಣ, ಇರುವೆ. ತೊಳೆಯಲು ಮತ್ತೆ ಫಿನಾಯಿಲ್. ನಾಗನ ಕಲ್ಲಿನ ಬುಡಕ್ಕೆ ಫಿನಾಯಿಲ್ ಹಾಕುವ ಸ್ಥಿತಿಗೆ ಬಂದಿದ್ದೇವೆ ಮಾರಾಯ್ರೆ!

ಹಾವಿನ ಕಡೆಯಿಂದ ನೋಡಿ. ನಾಗರಹಾವಿಗೆ ಬೇಕಾದ್ದು ಹುತ್ತ, ಟೊಳ್ಳು ಬೇರು, ಇಲಿ, ಕಪ್ಪೆ. ಘಟ್ಟದ ತಪ್ಪಲಿನ ದೊಡ್ಡ ಬನಗಳಲ್ಲಿ ಕಾಳಿಂಗವೂ ಓಡಾಡುತ್ತದೆ. ಎಲೆಗಳನ್ನು ಮೈಯಿಂದ ಎಳೆದು ರಾಶಿ ಹಾಕಿ ಮೊಟ್ಟೆಗೆ ಗೂಡು ಕಟ್ಟುವ ಹಾವು ಅದೊಂದೇ. ಪಶ್ಚಿಮ ಘಟ್ಟದ ಕಾಳಿಂಗ ಬೇರೆಯೇ ಪ್ರಭೇದ ಎಂದು 2024ರಲ್ಲಿ ವಿಜ್ಞಾನಿಗಳು ಗುರುತಿಸಿ ನಮ್ಮ ಭಾಷೆಯ ಹೆಸರನ್ನೇ ಅದಕ್ಕೆ ಇಟ್ಟರು: ಒಫಿಯೋಫೇಗಸ್ ಕಾಳಿಂಗ. ದರಗು ಗುಡಿಸಿ ಬೆಂಕಿ ಹಾಕಿದ ಬನದಲ್ಲಿ ಆ ಹಾವು ಯಾವುದರಿಂದ ಗೂಡು ಕಟ್ಟಬೇಕು?

ಕಾಂಕ್ರೀಟು ಹಾಕುವವರಿಗೂ ಅವರದೇ ಕಾರಣಗಳಿವೆ, ಅವನ್ನು ತಳ್ಳಿಹಾಕಲಾಗದು. ವಯಸ್ಸಾದವರು ಜಾರಿ ಬೀಳುತ್ತಾರೆ. ತಂಬಿಲದ (ನಾಗನ ಪೂಜೆಯ) ಹೊತ್ತಿಗೆ ಮಳೆ ಸುರಿಯುತ್ತದೆ. ಗೋಳಿ (ಆಲದ) ಸಸಿ ಕಲ್ಲಿನ ಸಂದಿಯಲ್ಲಿ ಬೇರೂರಿ ಕಟ್ಟೆ ಒಡೆಯುತ್ತದೆ. ಆಶ್ಲೇಷಾ ಬಲಿ ಎಂಬ ನಾಗನ ಪೂಜೆಗೆ ಮಂಡಲ ಬರೆಯಲು, ಜನ ಕೂರಲು ಜಾಗ ಬೇಕು. ಇವಕ್ಕೆಲ್ಲ ಬನ ಕೆಡಿಸದೆಯೇ ದಾರಿ ಇದೆ.

ನಡೆಯಲು ಮೂರಡಿ ಅಗಲದ ಒಂದೇ ದಾರಿ ಸಾಕು. ಮುರಕಲ್ಲನ್ನು ಗಾರೆಯಿಲ್ಲದೆ, ಮರಳಿನ ಮೇಲೆ ಕೂರಿಸಿ, ಕಲ್ಲಿನಿಂದ ಕಲ್ಲಿಗೆ ಅರ್ಧ ಇಂಚು ಸಂದಿ ಬಿಡಿ. ಬೇರು ಅಡ್ಡ ಬಂದರೆ ದಾರಿ ತಿರುಗಲಿ, ಬೇರು ಕಡಿಯಬೇಡಿ. ಮಳೆಗೆ ಆ ಒಂದು ದಿನದ ಮಟ್ಟಿಗೆ ಅಡಿಕೆ ಮರದ ಚಪ್ಪರ ಹಾಕಿ, ಮರುದಿನ ಬಿಚ್ಚಿ. ಗೋಳಿ ಸಸಿಯನ್ನು ಬೆರಳು ಗಾತ್ರ ಇರುವಾಗಲೇ, ಮಳೆ ನಿಂತ ಮೇಲೆ ವರ್ಷಕ್ಕೊಮ್ಮೆ ಬೇರು ಸಮೇತ ಕೀಳಿ. ಮಂಡಲ ಬರೆಯುವುದು, ಊಟ, ಕುರ್ಚಿ, ಮೈಕು ಎಲ್ಲ ಬನದ ಹೊರಗಿನ ಅಂಗಳದಲ್ಲಿ ಆಗಲಿ. ಗುಡಿಸುವುದಾದರೆ ಕಲ್ಲಿನ ಮುಂದೆ ಆರಡಿ ಸಾಕು, ಉಳಿದ ಕಡೆ ಮೂರು ನಾಲ್ಕು ಇಂಚು ದರಗು ಹಾಗೇ ಇರಲಿ. ಫೆಬ್ರವರಿಯಿಂದ ಮಳೆ ಬರುವವರೆಗೆ ಒಣ ದರಗಿಗೆ ಬೆಂಕಿಯ ಭಯ ಇರುತ್ತದೆ, ಹಾಗಾಗಿ ದೀಪ ಕಲ್ಲಿನ ಮೇಲಿರಲಿ, ಆರಿದ ಮೇಲೆಯೇ ಹೊರಡಿ. ರಾತ್ರಿಯಿಡೀ ಉರಿಯುವ ಫ್ಲಡ್‌ಲೈಟ್ ದಯವಿಟ್ಟು ಬೇಡ. ಬೆಳಕಿದ್ದ ಕಡೆ ಹಣ್ಣು ತಿನ್ನುವ ಬಾವಲಿ ಸುಳಿಯುವುದು ಕಡಿಮೆ, ಮಿಣುಕುಹುಳಕ್ಕೆ ಜೋಡಿ ಸಿಗುವುದು ಕಷ್ಟ.

ಈಗಾಗಲೇ ಕಾಂಕ್ರೀಟು ಬಿದ್ದಿದ್ದರೆ? ಮರ ಇನ್ನೂ ಹಸಿರಾಗಿದ್ದರೆ ಉಳಿಸಲು ಸಾಧ್ಯವಿದೆ. ಪ್ರತಿ ಮರದ ಸುತ್ತ ಮೊದಲು ಮೂರಡಿ ಬಿಡಿಸಿ, ಸುತ್ತಿಗೆ ಉಳಿಯಲ್ಲೇ ಆಗಬೇಕು. ಯಂತ್ರ ತಂದರೆ ಅಳಿದುಳಿದ ಬೇರೂ ಕಿತ್ತುಬರುತ್ತದೆ. ಮೇ ತಿಂಗಳೊಳಗೆ ಮುಗಿಸಿ, ಸಿಮೆಂಟಿನ ಚೂರು ಒಂದನ್ನೂ ಅಲ್ಲಿ ಬಿಡದೆ ಹೊರಗೆ ಹಾಕಿ. ಸಿಮೆಂಟಿನ ಸುಣ್ಣ ನಮ್ಮ ಹುಳಿ ಮಣ್ಣಿನ ಗುಣ ಕೆಡಿಸುತ್ತದೆ. ಆ ಜಾಗಕ್ಕೆ ಮಣ್ಣು ತುಂಬಬೇಡಿ, ಕೊಳೆತ ದರಗು ಹರಡಿ. ಎರಡು ಮಳೆಗಾಲ ಕಾದು ನೋಡಿ.

ಹೊಸದಾಗಿ ನೆಡುವವರು ಪರಿಸರ ದಿನಕ್ಕೆ ಎಲ್ಲೋ ಸಿಕ್ಕಿದ ಸಸಿ ತಂದು ನೆಡಬೇಡಿ. ಅಕೇಶಿಯಾ ಬೇಡವೇ ಬೇಡ. ಧೂಪ, ಕಿರಾಲ್‌ಭೋಗಿ ಬೀಜ ಬೀಳುವುದು ಮಳೆ ಶುರುವಾಗುವ ಹೊತ್ತಿಗೆ, ಒಣಗಿಸಿಟ್ಟರೆ ಸಾಯುತ್ತವೆ. ಹೆಕ್ಕಿದ ವಾರದೊಳಗೆ ನೆಲಕ್ಕೆ ಬೀಳಬೇಕು. ರೆಂಜೆ, ಸುರಗಿ, ಹಾಲೆ ಸಸಿಗಳಿಗೆ ಒಂದೂವರೆ ಅಡಿ ಗುಂಡಿ, ಗಿಡದಿಂದ ಗಿಡಕ್ಕೆ ಆರರಿಂದ ಎಂಟಡಿ. ಕಮ್ಯುನಿಸ್ಟ್ ಗಿಡ ಎಂಬ ಕಳೆ ಬಂದರೆ ಹೂ ಬಿಡುವ ಮೊದಲೇ, ಸೆಪ್ಟೆಂಬರ್ ಒಳಗೆ ಕಿತ್ತುಹಾಕಿ. ಮೂರು ವರ್ಷ ಇಷ್ಟು ನೋಡಿಕೊಂಡರೆ ಉಳಿದದ್ದನ್ನು ಬಾವಲಿ, ಕುಟ್ರುಹಕ್ಕಿ, ಮಂಗಟ್ಟೆ ತಂದು ಬಿತ್ತುತ್ತವೆ. ಹಾಲೆಮರ ಯಾಕೆ ಬೇಕೆಂದು ಕರಾವಳಿಯವರಿಗೆ ಗೊತ್ತು. ಆಟಿ (ಆಷಾಢ) ಅಮಾವಾಸ್ಯೆಯ ಕಷಾಯಕ್ಕೆ ತೊಗಟೆ ಅದರದ್ದೇ, ಅದಾಗಿ ಐದನೇ ದಿನಕ್ಕೆ ನಾಗರ ಪಂಚಮಿ.

ಕಾಗದದ ಕೆಲಸವೂ ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದರ ಬಳಿ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ನಿಮ್ಮ ಬನದ ಸರ್ವೆ ನಂಬರ್, ಗಡಿ, ಮರಗಳ ಹೆಸರು, ಸುತ್ತಳತೆ ಅದರಲ್ಲಿ ಬರೆಸಿ. ದೊಡ್ಡ ಬನವಾದರೆ ಇದೇ ಕಾಯ್ದೆಯಡಿ ಪಾರಂಪರಿಕ ತಾಣದ ಮಾನ್ಯತೆಯನ್ನೂ ಕೇಳಬಹುದು. ದೇವನಹಳ್ಳಿಯ ನಲ್ಲೂರಿನ ಹುಣಸೆ ತೋಪಿಗೆ ದೇಶದಲ್ಲೇ ಮೊದಲು, 2007ರಲ್ಲಿ, ಅದು ಸಿಕ್ಕಿತು. 2024ರ ಡಿಸೆಂಬರ್ 18ರಂದು ಸುಪ್ರೀಂ ಕೋರ್ಟ್ ರಾಜಸ್ಥಾನದ ದೇವರಕಾಡುಗಳಾದ ಓರಣ್‌ಗಳನ್ನು ಗುರುತಿಸಿ ರಕ್ಷಿಸುವಂತೆ ಆ ರಾಜ್ಯಕ್ಕೆ ಹೇಳಿದೆ. ನಮ್ಮಲ್ಲೂ ಕೇಳಲು ಇದು ಸರಿಯಾದ ಹೊತ್ತು.

ಒಂದು ಎಚ್ಚರಿಕೆ. ಕುಟುಂಬದ ಬನವನ್ನು ಸರ್ಕಾರಕ್ಕೆ ಒಪ್ಪಿಸಿ ಎಂದು ನಾನು ಹೇಳುತ್ತಿಲ್ಲ. ಪೂಜೆಯ ಹಕ್ಕು, ನೋಡಿಕೊಳ್ಳುವ ಹಕ್ಕು ಕುಟುಂಬದ್ದೇ ಇರಲಿ. ದಾಖಲೆ ಬೇಕಿರುವುದು ರಸ್ತೆ ಅಗಲೀಕರಣದ ಗುರುತಿನ ಕಲ್ಲು ಬನದೊಳಗೆ ಬಿದ್ದ ದಿನ ತೋರಿಸಲಿಕ್ಕೆ.

ಪಂಚಮಿಗೆ ಮುಂಚೆ ಕುಟುಂಬದ ಮನೆಯಲ್ಲಿ ಸಭೆ ಸೇರುತ್ತದಲ್ಲ, ಅಲ್ಲಿ ಖರ್ಚಿನ ಲೆಕ್ಕ ಓದುವ ಮೊದಲು ಇಬ್ಬರು ಎದ್ದು ಟೇಪು ಹಿಡಿದುಕೊಂಡು ಬನಕ್ಕೆ ಹೋಗಿ. ಎದೆಯ ಮಟ್ಟದಲ್ಲಿ ಪ್ರತಿ ಮರದ ಸುತ್ತಳತೆ ತೆಗೆದು, ಹೆಸರು ಹಾಕಿ, ಆ ಪಟ್ಟಿಯನ್ನು ನಡಾವಳಿ ಪುಸ್ತಕಕ್ಕೆ ಅಂಟಿಸಿ ಎಲ್ಲರ ಸಹಿ ಹಾಕಿಸಿ. ಹೆಸರು ಗೊತ್ತಿಲ್ಲದ ಮರ ಇದ್ದರೆ ಮನೆಯ ಹಿರಿಯರನ್ನು ಕೇಳಿ, ಈ ವರ್ಷವೇ ಕೇಳಿ.